ಅಕ್ಷತೆ ಬಿದ್ದ ಕ್ಯಾಮೆರಾ

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮಾರುವವರಷ್ಟು ಸಂಯಮಿಗಳು ಲೋಕದಲ್ಲಿ ಬೇರೆ ಇರಲಾರರು. ಯಾರ ಜಾಹೀರಾತು ನೋಡಿದರೂ ‘ತೀರಾ ಕಡಿಮೆ ಬಳಸಿದ್ದು, ಡಬ್ಬ-ಬಿಲ್ಲು ಸಮೇತ, ಒಂದು ಗೀರೂ ಇಲ್ಲ’. ಕೆಲವರಂತೂ ಸ್ಕ್ರೀನಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರುವುದಿಲ್ಲ. ಮಾರುವ ಕಾರಣವೂ ಘನವಾದದ್ದೇ: ‘ಅಪ್‌ಗ್ರೇಡ್ ಮಾಡುತ್ತಿದ್ದೇನೆ’. ಅಂದರೆ, ಬಳಸದ ಕ್ಯಾಮೆರಾ ಕೊಟ್ಟು ಅದಕ್ಕಿಂತ ದುಬಾರಿಯದನ್ನು ತಂದು ಬಳಸದೇ ಇಡುವ ಸಾಹಸ.

ನನಗೆ ಬೇಕಾಗಿದ್ದದ್ದು ಮಿರರ್‌ಲೆಸ್. ಇದನ್ನು ಮನೆಯಲ್ಲಿ ವಿವರಿಸುವುದೇ ಒಂದು ಕೆಲಸ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ. ಬಟನ್ ಒತ್ತಿದರೆ ಫಟ್ಟನೆ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. 2008ರಲ್ಲಿ ಪ್ಯಾನಸೋನಿಕ್‌ನವರು ಲೂಮಿಕ್ಸ್ ಜಿ1 ತಂದಾಗ ಆ ಕನ್ನಡಿಯನ್ನೇ ತೆಗೆದುಹಾಕಿ, ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಪುಟ್ಟ ಪರದೆ ಕೂರಿಸಿದರು. ಕ್ಯಾಮೆರಾ ಸಣ್ಣದಾಯಿತು, ಹಗುರವಾಯಿತು. “ಒಳಗಿನ ಸಾಮಾನು ತೆಗೆದ ಮೇಲೆ ಬೆಲೆ ಇಳಿಯಬೇಕಲ್ಲೋ?” ಎಂದರು ಅಮ್ಮ. ಜಪಾನಿನ ಕಂಪನಿಗಳ ಪರವಾಗಿ ಉತ್ತರ ಕೊಡುವುದು ನನ್ನಿಂದಾಗಲಿಲ್ಲ.

ನಮ್ಮದು ಸಾಗರದ ಕಡೆಯ ಊರು. ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ದೇವರ ಪಟ ಎಲ್ಲಕ್ಕೂ ಸಮಾನವಾಗಿ ಬೂಷ್ಟು ಹಿಡಿಯುತ್ತದೆ. ಲೆನ್ಸಿಗೆ ವಿನಾಯಿತಿ ಇಲ್ಲ. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ಪಾಠ ಹೇಳಿದ: “ಲೆನ್ಸಿಗೆ ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ನೋಡು ಮಾರಾಯ. ಸಣ್ಣ ಸಣ್ಣ ಎಳೆ ಕಂಡರೆ ಫಂಗಸ್ಸು. ಒಳಗೆ ಹಿಡಿದದ್ದು ಒರೆಸಿದರೆ ಹೋಗುವಂಥದ್ದಲ್ಲ. ಆಮೇಲೆ ಎಫ್16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗಿ, ಸೆನ್ಸರಿನ ಮೇಲೆ ಕಸ ಕೂತಿದ್ದರೆ ಚುಕ್ಕಿ ಬೀಳುತ್ತದೆ.” ತಂದ ಮೇಲೆ ಎಲ್ಲಿಡುವುದು ಎಂಬುದಕ್ಕೆ ಅಮ್ಮನ ಪರಿಹಾರ ಸಿದ್ಧವಿತ್ತು: “ಹಪ್ಪಳದ ಡಬ್ಬಿಯಲ್ಲಿಡು.” ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ ಎಂದು ಬಲ್ಲವರು ಹೇಳುವುದೂ ಇದನ್ನೇ. ಹಪ್ಪಳ ಎಲ್ಲಿಡಬೇಕೆಂದು ಮಾತ್ರ ಅವರು ಹೇಳುವುದಿಲ್ಲ.

ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಬಾಯಿ ತೆರೆಸಿ ಹಲ್ಲು ನೋಡಿದ ಹಾಗೆ, ಇಲ್ಲಿ ನೋಡಬೇಕಾದದ್ದು ಶಟರ್ ಕೌಂಟು, ಅಂದರೆ ಈವರೆಗೆ ಎಷ್ಟು ಸಲ ಕ್ಲಿಕ್ಕಿಸಿದ್ದಾರೆಂಬ ಲೆಕ್ಕ. ಕಡೆಗೆ ಕಣದಲ್ಲಿ ಉಳಿದ ಎರಡೂ 2018ರಲ್ಲಿ ಬಂದ ಸೋನಿ ಎ7 III. ಮೊದಲನೆಯದು ಬೆಂಗಳೂರಿನ ಎಂಜಿನಿಯರೊಬ್ಬರದು. ಮೂರು ಸಾವಿರ ಕ್ಲಿಕ್ಕು, ಥಳಥಳ ಹೊಳೆಯುತ್ತಿತ್ತು. ಮೆಮೊರಿ ಕಾರ್ಡಿನಲ್ಲಿ ಅದರ ಚರಿತ್ರೆಯೆಲ್ಲ ಇತ್ತು: ಮೊದಲು ಜೋಗದ ನಾಲ್ಕು ಧಾರೆ, ಆಮೇಲೆ ಬಾಲ್ಕನಿಯ ದಾಸವಾಳ, ಆಮೇಲೆ ಮಲಗಿದ ಬೆಕ್ಕು. ಕೊನೆಯ ಚಿತ್ರ ಆ ಕ್ಯಾಮೆರಾದ್ದೇ ಖಾಲಿ ಡಬ್ಬ, ಜಾಹೀರಾತಿಗೆಂದು ತೆಗೆದದ್ದು.

ಎರಡನೆಯದು ಮದುವೆ ಫೋಟೋಗ್ರಾಫರರದು. ಒಂದೂವರೆ ಲಕ್ಷ ಕ್ಲಿಕ್ಕು, ಬೆಲೆ ಸಾಕಷ್ಟು ಕಡಿಮೆ. ಅಂಚಿನ ಬಣ್ಣ ಸವೆದಿತ್ತು, ಹಿಡಿಯ ರಬ್ಬರು ಎದ್ದಿತ್ತು, ಸ್ಟ್ರಾಪಿನಲ್ಲಿ ಕುಂಕುಮದ ಕಲೆ. ಫ್ಲ್ಯಾಶ್ ಸಿಕ್ಕಿಸುವ ಸಂದಿಯಲ್ಲಿ ಒಂದು ಕಾಳು ಅಕ್ಷತೆ ಸಿಕ್ಕಿಕೊಂಡಿತ್ತು. “ಶಿರಸಿಯಿಂದ ತೀರ್ಥಹಳ್ಳಿವರೆಗೆ ಎಲ್ಲ ಮದುವೆ ಇದರಲ್ಲೇ ಮಾಡಿದ್ದು ಸಾರ್. ಗಟ್ಟಿಮೇಳದ ಹೊತ್ತಿಗೆ ಒಂದು ಸಲವೂ ಕೈಕೊಟ್ಟಿಲ್ಲ” ಎಂದರು. “ಮತ್ತೆ ಯಾಕೆ ಮಾರುತ್ತೀರಿ?” “ಎ7 IV ಬಂದಿದೆಯಲ್ಲ ಸಾರ್, ಈಗಿನ ಹುಡುಗರು ಕ್ಯಾಮೆರಾ ಯಾವುದೆಂದು ಕೇಳಿಯೇ ಅಡ್ವಾನ್ಸ್ ಕೊಡುವುದು.”

ಯಾರನ್ನು ಕೇಳಿದರೂ ಮೊದಲನೆಯದೇ ಒಳ್ಳೆಯದು ಎಂದರು. ನನಗೆ ಹಾಗನ್ನಿಸಲಿಲ್ಲ. ‘ಕಡಿಮೆ ಬಳಸಿದ್ದು’ ಅಂದರೆ ಒಬ್ಬ ಮನುಷ್ಯನ ಉತ್ಸಾಹ ಬೆಕ್ಕಿನ ಹತ್ತಿರ ಬಂದು ಮುಗಿದಿದೆ ಎಂದರ್ಥ. ಆ ಸೋಮಾರಿತನಕ್ಕೂ ಸೇರಿಸಿಯೇ ಹೆಚ್ಚಿನ ಬೆಲೆ ತೆರಬೇಕು. ನನ್ನ ಹತ್ತಿರ ಅದು ಸ್ವಂತದ್ದೇ ಧಾರಾಳವಾಗಿದೆ, ಬೆಂಗಳೂರಿನಿಂದ ತರಿಸುವ ಅಗತ್ಯವಿಲ್ಲ.

ಇನ್ನು ಆಯಸ್ಸಿನ ಲೆಕ್ಕ. ಈ ಶಟರ್ ಸುಮಾರು ಎರಡು ಲಕ್ಷ ಕ್ಲಿಕ್ಕು ತಾಳುತ್ತದೆಂದು ಕಂಪನಿಯವರು ಪರೀಕ್ಷೆ ಮಾಡಿ ಹೇಳಿದ್ದಾರೆ. ಉಳಿದದ್ದು ಐವತ್ತು ಸಾವಿರ. ಅಪ್ಪನ ಬಳಿ ಅಗ್ಫಾ ಕ್ಲಿಕ್ III ಇತ್ತು; ರೋಲಿಗೆ ಹನ್ನೆರಡು ಫೋಟೋ, ವರ್ಷಕ್ಕೆ ಒಂದು ರೋಲು. ಅದೂ ಎಲ್ಲರೂ ತಲೆ ಬಾಚಿ ನಿಂತ ಮೇಲೆ. ಅಪ್ಪನ ವೇಗದಲ್ಲಿ ಹೋದರೆ ಮದುವೆಯ ಕ್ಯಾಮೆರಾ ಇನ್ನೂ ನಾಲ್ಕು ಸಾವಿರ ವರ್ಷ ಬಾಳುತ್ತದೆ. ಮೊಮ್ಮಕ್ಕಳ ಕಾಲಕ್ಕೂ ಗೀರು ಬೀಳದ ಕ್ಯಾಮೆರಾ ಬೇಕೆಂಬ ದುರಾಸೆ ನನಗಿಲ್ಲ.

ಟಾರ್ಚು ಬಿಟ್ಟು ನೋಡಿ, ಬಿಳಿ ಗೋಡೆಯ ಫೋಟೋ ತೆಗೆದು, ಚೌಕಾಸಿ ಮುಗಿಸಿ ಅಡ್ವಾನ್ಸ್ ಕೊಟ್ಟಿದ್ದೇನೆ. ಈಗ ಉಳಿದಿರುವುದು ಒಂದೇ ಅಂಜಿಕೆ. ಬ್ರಾಹ್ಮೀ ಮುಹೂರ್ತಕ್ಕೆ ಎದ್ದು, ದೇವಕಾರ್ಯದಿಂದ ಬೀಗರೂಟದವರೆಗೆ ಕೂರದೆ ದುಡಿದ ಯಂತ್ರ ಅದು. ಎಂಟು ಗಂಟೆಗೆ ಎದ್ದು, ಎರಡನೇ ಲೋಟ ಕಾಫಿಯ ನಂತರ ಬೆಳಕು ಗಡುಸಾಯಿತೆಂದು ಒಳಗೆ ಹೋಗಿ ಮಲಗುವ ಯಜಮಾನನ ಬಗ್ಗೆ ಅದಕ್ಕೆ ಯಾರಾದರೂ ಮೊದಲೇ ಹೇಳಿದ್ದಾರೋ ಇಲ್ಲವೋ.