ಸೆಕ್ಷನ್ ರಾಯರು

ಬೆಂಗಳೂರಿನ ಹಳೆಯ ಬಡಾವಣೆ ಎಂದಮೇಲೆ ಒಂದು ಗಣಪತಿ ಗುಡಿ, ಒಂದು ಅಯ್ಯಂಗಾರ್ ಬೇಕರಿ, ಒಬ್ಬ ನಿವೃತ್ತ ರಾಯರು ಇರಲೇಬೇಕು. ಗುಡಿ ಇಲ್ಲದಿದ್ದರೂ ನಡೆದೀತು. ರಾಯರು ಕೆಲವು ಬೀದಿಗಳಲ್ಲಿ ಗೌಡರಾಗಿರುತ್ತಾರೆ, ಕೆಲವೆಡೆ ಶೆಟ್ಟರು, ಕೆಲವೆಡೆ ಸಾಹೇಬರು. ಕುಲ ಯಾವುದಾದರೂ ಗೇಟಿನ ಮೇಲಿನ ‘ಇಲ್ಲಿ ವಾಹನ ನಿಲ್ಲಿಸಬಾರದು’ ಬೋರ್ಡು ಮಾತ್ರ ಒಂದೇ. ಹನುಮಂತನಗರದ ನಮ್ಮ ಬೀದಿಯ ಪಾಲಿಗೆ ಬಂದವರು ಆಡಿಟ್ ಇಲಾಖೆಯಿಂದ ನಿವೃತ್ತರಾದ ರಾಯರು. ನಾನು ಅವರ ಮೇಲ್ಮನೆಯ ಬಾಡಿಗೆದಾರ. ಹಾಗಾಗಿ ಇದನ್ನೆಲ್ಲ ಮುಂದಿನ ಅಗ್ರಿಮೆಂಟಿನ ಮೇಲೆ ಒಂದು ಕಣ್ಣಿಟ್ಟೇ ಬರೆಯುತ್ತಿದ್ದೇನೆ.

ಜೀವಮಾನವೆಲ್ಲ ಆಕ್ಷೇಪಣೆ ಬರೆದ ಕೈ, ಪೆನ್ಷನ್ ಬರತೊಡಗಿತೆಂದು ಸುಮ್ಮನೆ ಕೂರುತ್ತದೆಯೇ? ಕಚೇರಿಯ ವೋಚರುಗಳು ಕೈಬಿಟ್ಟ ಮೇಲೆ ರಾಯರು ಬೀದಿಯನ್ನೇ ಆಡಿಟ್ ಮಾಡತೊಡಗಿದರು. ಬೀದಿನಾಯಿಯಿಂದ ಹಿಡಿದು ಎದುರುಮನೆಯ ತೆಂಗಿನಗರಿವರೆಗೆ ಎಲ್ಲದಕ್ಕೂ ಅವರ ಬಳಿ ಒಂದು ಸೆಕ್ಷನ್ ಇದೆ. ಭಾರತೀಯ ದಂಡ ಸಂಹಿತೆ ಅವರಿಗೆ ಬಾಯಿಪಾಠ. 1860ರಿಂದ ಅಲುಗದೆ ನಿಂತಿದ್ದ ಆ ಸಂಹಿತೆಯನ್ನು ಸರ್ಕಾರ 2024ರ ಜುಲೈ 1ರಂದು ಎತ್ತಿಟ್ಟು, ಅದರ ಜಾಗಕ್ಕೆ ನ್ಯಾಯ ಸಂಹಿತೆಯನ್ನು ತಂದು ಕೂರಿಸಿದಾಗ ರಾಯರಿಗೆ ಊಟ ಸೇರಲಿಲ್ಲ. ಸಾರ್ವಜನಿಕ ಉಪದ್ರವ 268 ಇದ್ದದ್ದು 270ಕ್ಕೆ ಜಿಗಿದಿತ್ತು. ವಂಚನೆಯ 420 ಹೋಗಿ 318 ಆಗಿತ್ತು. “ಫೋರ್ ಟ್ವೆಂಟಿ ಅಂದ್ರೆ ಒಂದು ಬೈಗುಳ ಕಣ್ರೀ, ಅದಕ್ಕೊಂದು ತೂಕ ಇತ್ತು. ಮುನ್ನೂರ ಹದಿನೆಂಟು ಅಂತ ಬೈದ್ರೆ ಬಸ್ ನಂಬರ್ ಅನ್ಕೋತಾರೆ,” ಎಂದು ನನ್ನೆದುರು ಕಣ್ಣೀರು ಹಾಕುವುದೊಂದು ಬಾಕಿ.

ಆದರೆ ಸೆಕ್ಷನ್ನುಗಳೆಲ್ಲ ಕೊನೆಗೆ ಹೋಗಿ ಮುಟ್ಟುತ್ತಿದ್ದ ಗುರಿ ಒಂದೇ: ಬೇಕರಿ ಮುಂದಿನ ಹುಡುಗರು. ಕೂದಲಿಗೆ ಬಣ್ಣ, ಹರಿದ ಮೊಣಕಾಲಿನ ಪ್ಯಾಂಟು, ಕೈಯಲ್ಲಿ ಬೈಟು ಟೀ, ಕಿವಿಯಲ್ಲಿ ಕಡುಕು. “ಇವರೆಲ್ಲ ಜೈಲು ಸೇರೋ ಪೈಕಿ,” ಎಂಬುದು ರಾಯರ ಬೆಳಗಿನ ಸುಪ್ರಭಾತ. ಸಾರ್ವಜನಿಕ ಸ್ಥಳದಲ್ಲಿ ಬೀಡಿ ಸಿಗರೇಟು ಸೇದುವುದಕ್ಕೆ ಕರ್ನಾಟಕದಲ್ಲಿ 200 ರೂಪಾಯಿ ಇದ್ದ ದಂಡ 1,000 ಆಯಿತು, ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು ಎಂಬ ಸುದ್ದಿ 2025ರಲ್ಲಿ ಬಂದ ದಿನ ರಾಯರ ಮನೆಯಲ್ಲಿ ಕೇಸರಿಬಾತು. ಆ ಅಧಿಸೂಚನೆಯ ಪ್ರತಿ ತೆಗೆಸಿ ತಾವೇ ಹೋಗಿ ಬೇಕರಿ ಗೋಡೆಗೆ ಅಂಟಿಸಿದರು. ಬೇಕರಿಯವನು ಪಾಪ, ‘ಸಾಲ ಕೇಳಬೇಡಿ’ ಬೋರ್ಡನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟ. ಹುಡುಗರಲ್ಲೊಬ್ಬ ಬಹಳ ವಿನಯದಿಂದ ಆಧಾರ್ ಕಾರ್ಡ್ ತೆಗೆದು, “ಅಂಕಲ್, ನಂಗೆ ಇಪ್ಪತ್ತೆರಡು ತುಂಬ್ತು, ಕೊಳ್ಳೋದಕ್ಕೆ ಅಡ್ಡಿ ಇಲ್ವಲ್ಲ? ಸೇದೋದಕ್ಕೆ ನೀವು ಹೇಳಿದ ಕಡೆ ಹೋಗ್ತೀನಿ,” ಎಂದ. ವಿನಯವನ್ನು ರಾಯರು ಎಂದೂ ನಂಬಿದವರಲ್ಲ. ಆಡಿಟ್‌ನಲ್ಲಿ ಲೆಕ್ಕ ತಪ್ಪಿದವರೇ ಕಾಫಿ ತರಿಸುತ್ತಿದ್ದದ್ದು.

ಬೇಕರಿ ಹುಡುಗರಿಗಿಂತ ಒಂದು ಮೆಟ್ಟಿಲು ಕೆಳಗೆ ಅವರು ಇಟ್ಟಿದ್ದು ವೀಲಿ ಹುಡುಗರನ್ನು. ಬೈಕಿನ ಮುಂದಿನ ಗಾಲಿ ಎತ್ತಿ ಹಿಂದಿನ ಗಾಲಿಯಲ್ಲೇ ಓಡಿಸುವ ಈ ವಿದ್ಯೆಯ ಬಗ್ಗೆ ಹೈಕೋರ್ಟೇ ಕಟುವಾಗಿ ಮಾತಾಡಿದೆಯೆಂದ ಮೇಲೆ ರಾಯರನ್ನು ತಡೆಯುವವರು ಯಾರು? ಬೆಳಿಗ್ಗೆ ರಂಗೋಲಿ ಹಾಕುತ್ತಿರುವ ತಾಯಂದಿರನ್ನು ನಿಲ್ಲಿಸಿ, “ಮೋಟಾರು ವಾಹನ ಕಾಯ್ದೆ 199-ಎ ಗೊತ್ತೇನಮ್ಮ? ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಸಿಕ್ಕಿಬಿದ್ರೆ ಅಪ್ಪನಿಗೆ 25,000 ದಂಡ, ಮೂರು ವರ್ಷದವರೆಗೂ ಜೈಲು,” ಎನ್ನುತ್ತಿದ್ದರು. ಹೆಣ್ಣುಮಕ್ಕಳ ತಾಯಂದಿರಿಗೂ ಹೇಳುತ್ತಿದ್ದರು. ಬೀದಿಯ ಅರ್ಧ ರಂಗೋಲಿಗಳು ಅರ್ಧಕ್ಕೇ ನಿಂತಿರುವುದು ಇದೇ ಕಾರಣಕ್ಕೆ.

ಹೀಗಿರಲಾಗಿ ಒಂದು ಮಳೆಯ ರಾತ್ರಿ ಕೆಂಗೇರಿಯ ತಂಗಿ ಮನೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ರಾಯರು ಮೈಸೂರು ರಸ್ತೆಯಲ್ಲಿ, ನಾಯಂಡಹಳ್ಳಿಗೆ ಸ್ವಲ್ಪ ಹಿಂದೆ, ನೀರು ತುಂಬಿದ ಗುಂಡಿಗೆ ಬಿದ್ದರು. ಸ್ಕೂಟರು ಒಂದು ಕಡೆ, ಚಪ್ಪಲಿ ಒಂದು ಕಡೆ, ತಂಗಿ ಕಟ್ಟಿಕೊಟ್ಟ ಚಕ್ಕುಲಿ ರಸ್ತೆಯುದ್ದಕ್ಕೂ.

ಮೊದಲು ಬಂದವರು ಸಭ್ಯರು. ಒಬ್ಬರು ಕಾರಿನ ಗಾಜು ಇಳಿಸಿ, “ಯಾರಾದ್ರೂ 108ಕ್ಕೆ ಫೋನ್ ಮಾಡ್ರೀ,” ಎಂದು ಅಪ್ಪಣೆ ಕೊಟ್ಟು ಗಾಜು ಏರಿಸಿದರು. ಒಬ್ಬರು ನೀರು ಕುಡಿಸಬಾರದೆಂದರು, ಇನ್ನೊಬ್ಬರು ಕುಡಿಸಬೇಕೆಂದರು. ನೀರು ಇಬ್ಬರ ಹತ್ತಿರವೂ ಇರಲಿಲ್ಲ. ಇಸ್ತ್ರಿ ಶರ್ಟಿನವರೊಬ್ಬರು ವಿಡಿಯೋ ಮಾಡಿದರು. “ಟೈ ಕಟ್ಟಿದ್ದ ಕಣ್ರೀ, ಟೈ!” ಎಂದು ರಾಯರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹಣೆಯ ಗಾಯಕ್ಕಿಂತ ಆ ಟೈ ಅವರನ್ನು ಹೆಚ್ಚು ನೋಯಿಸಿದೆ.

ಆಮೇಲೆ ಕೇಳಿಸಿತು ಸೈಲೆನ್ಸರ್ ಕಿತ್ತ ಬೈಕುಗಳ ಸದ್ದು. ಎರಡು ಬೈಕು, ನಾಲ್ಕು ಹುಡುಗರು, ನಾಲ್ಕೂ ತಲೆಗೆ ಬೇರೆ ಬೇರೆ ಬಣ್ಣ. ನಂಬರ್ ಪ್ಲೇಟ್ ಇರಬೇಕಾದ ಕಡೆ ಅಪ್ಪುವಿನ ನಗುಮುಖ. ರಾಯರಿಗೆ ಖಾತ್ರಿಯಾಯಿತು: ಬಂದವರು ಬಿದ್ದವನನ್ನು ದೋಚುವ ಪೈಕಿ. ನೆಟ್ಟಗಿದ್ದ ಬಲಗೈಯನ್ನು ಬಾಯಿಗೆ ತಂದು, ಅದರ ಬೆರಳಲ್ಲಿದ್ದ ನವರತ್ನದ ಉಂಗುರವನ್ನು ಹಲ್ಲಿನಿಂದ ಎಳೆದು ದವಡೆಗೆ ಸೇರಿಸಿ ತುಟಿ ಬಿಗಿದುಕೊಂಡರು.

“ಅಂಕಲ್, ಏನಾಯ್ತು? ಅಂಕಲ್, ನಿಮ್ಮ ಹೆಸರೇನು?”

ರಾಯರು ಮಾತಾಡಲಿಲ್ಲ.

“ಮಗಾ, ಮಾತು ನಿಂತೋಗಿದೆ ಕಣೋ! ಬಾಯೂ ಒಂದು ಕಡೆ ಉಬ್ಬಿದೆ. ಸ್ಟ್ರೋಕು!”

ಇಲ್ಲಿಂದ ಮುಂದಿನದೆಲ್ಲ ಆ ಸ್ಟ್ರೋಕಿನ ಅವಸರದಲ್ಲಿ ನಡೆದದ್ದು. ಒಬ್ಬ ರಸ್ತೆಗೆ ಅಡ್ಡ ನಿಂತು ಆಟೋ ನಿಲ್ಲಿಸಿದ. ಇನ್ನೊಬ್ಬ ತನ್ನ ಟೀಶರ್ಟ್ ಬಿಚ್ಚಿ ಹಣೆಗೆ ಕಟ್ಟಿದ. ರಾಯರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮನೆಯವರಿರಬೇಕೆಂದು ಮೂರನೆಯವನು ತೆಗೆದು ನೋಡಿದರೆ ಪರದೆಯ ಮೇಲೆ ‘ಗೃಹ ಇಲಾಖೆ’. ಹೆಂಡತಿಯ ನಂಬರನ್ನು ಆ ಹೆಸರಲ್ಲಿ ಇಟ್ಟುಕೊಳ್ಳುವುದು ರಾಯರ ಮಟ್ಟಿಗೆ ಹಾಸ್ಯ. ಹುಡುಗನ ಮೇಲೆ ಹಳೆಯದೊಂದು ವೀಲಿ ಕೇಸು ಇತ್ತು. “ಹೋಮ್ ಡಿಪಾರ್ಟ್‌ಮೆಂಟೇ ಫೋನ್ ಮಾಡ್ತಿದೆ ಮಗಾ, ನಾನಂತೂ ಎತ್ತಲ್ಲ,” ಎಂದು ನಾಲ್ಕನೆಯವನ ಕೈಗೆ ದಾಟಿಸಿದ. ಆತ ಕಣ್ಣು ಮುಚ್ಚಿಕೊಂಡು ಎತ್ತಿ, “ನಮಸ್ಕಾರ ಸಾರ್,” ಎಂದ. ಆ ಕಡೆಯಿಂದ ಶ್ರೀಮತಿಯವರು, “ಎಲ್ಲಿ ಹಾಳಾಗಿ ಹೋಗಿದ್ದೀರಿ? ಸಾರು ಆರಿಹೋಯ್ತು,” ಎಂದರಂತೆ.

ಆಸ್ಪತ್ರೆಯ ಮುಂಗಟ್ಟೆಯಲ್ಲಿ ಯಥಾಪ್ರಕಾರ ಪ್ರಶ್ನೆಗಳು ಶುರುವಾದವು. ತಂದವರು ಯಾರು? ಸಂಬಂಧ ಏನು? ಅಪಘಾತ ಅಂದ್ರೆ ಪೊಲೀಸ್ ಕೇಸ್ ಆಗುತ್ತೆ, ನಿಮ್ಮ ಹೆಸರು, ವಿಳಾಸ, ಆಧಾರ್ ಕೊಡಿ. ಅಡ್ವಾನ್ಸ್ ಕಟ್ಟಿ, ಆಮೇಲೆ ಡಾಕ್ಟರು. ವೀಲಿ ಕೇಸಿನವನು ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಹೋಗಲಿಲ್ಲ. “ನಮ್ ಅಂಕಲ್ಲೇ ಮೇಡಂ. ಮೊದ್ಲು ಒಳಗೆ ತಗೊಳ್ಳಿ, ಮಾತು ನಿಂತೋಗಿದೆ,” ಎಂದು ಕಿಸೆಯಲ್ಲಿದ್ದ ನೋಟುಗಳನ್ನು ಬಿಡಿಸತೊಡಗಿದ. ಮಳೆಗೆ ನೆಂದ ನೋಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ರಾಯರು ಸ್ಟ್ರೆಚರಿನ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದರು. ನಿಯಮ ಉಲ್ಲಂಘನೆ ಕಣ್ಣೆದುರೇ ನಡೆಯುತ್ತಿರುವಾಗ ದವಡೆಯಲ್ಲಿ ಉಂಗುರ ಇಟ್ಟುಕೊಂಡು ಮಲಗಿರುವುದು ಆಡಿಟ್ ಇಲಾಖೆಯವರಿಂದ ಸಾಧ್ಯವೇ? ಉಂಗುರವನ್ನು ಥೂ ಎಂದು ಅಂಗೈಗೆ ಉಗಿದು ಅರ್ಧ ಎದ್ದು ಕೂತರು.

“134-ಎ!”

ಇಡೀ ಮುಂಗಟ್ಟೆ ತಿರುಗಿ ನೋಡಿತು.

“ಮೋಟಾರು ವಾಹನ ಕಾಯ್ದೆ, 2019ರ ತಿದ್ದುಪಡಿ! ಗಾಯಾಳುವನ್ನು ಕರೆತಂದವರನ್ನ ಹೆಸರು ಹೇಳಿ ಅಂತ ಬಲವಂತ ಮಾಡೋ ಹಾಗಿಲ್ಲ. ನಮ್ಮ ರಾಜ್ಯದ್ದೇ 2016ರ ಕಾಯ್ದೆ ಇದೆ, ಪರೋಪಕಾರಿಗಳ ರಕ್ಷಣೆಗೆ ಅಂತಲೇ ಮಾಡಿದ್ದು. 1989ರಲ್ಲಿ ಪರಮಾನಂದ ಕಟಾರ ಕೇಸಲ್ಲಿ ಸುಪ್ರೀಂ ಕೋರ್ಟು ಏನು ಹೇಳಿದೆ? ಮೊದಲು ಚಿಕಿತ್ಸೆ, ಆಮೇಲೆ ನಿಮ್ಮ ಕಾಗದ! ಆ ಹುಡುಗರನ್ನ ಮುಟ್ಟಬೇಡಿ!”

ಮುಂಗಟ್ಟೆಯಾಕೆ ಗಾಬರಿಯಿಂದ ಫೋನೆತ್ತಿ, “ಡಾಕ್ಟ್ರೇ, ಬೇಗ ಬನ್ನಿ, ತಲೆಗೆ ಏಟು ಬಿದ್ದಿದೆ, ಪೇಷೆಂಟು ಏನೇನೋ ಮಾತಾಡ್ತಿದ್ದಾರೆ,” ಎಂದರು. ಕಾನೂನು ಗೊತ್ತಿರುವವನ ಗತಿಯೇ ಇಷ್ಟು.

ಹುಡುಗರು ಮಾತ್ರ ಉಂಗುರವನ್ನೇ ನೋಡುತ್ತಿದ್ದರು. ಅದು ಬಾಯಿಗೆ ಯಾಕೆ ಹೋಯಿತು, ಯಾವಾಗ ಹೋಯಿತು ಎಂಬುದು ಅವರಿಗೆ ತಿಳಿಯಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ರಾಯರ ಮುಖ ಬೆಳ್ಳಗಾಯಿತು. ವೀಲಿ ಕೇಸಿನವನು ಉಂಗುರ ತೆಗೆದುಕೊಂಡು ತನ್ನ ಪ್ಯಾಂಟಿಗೆ ಎರಡೂ ಬದಿ ಒರೆಸಿ ರಾಯರ ಬೆರಳಿಗೆ ಹಾಕಲು ನೋಡಿದ. ಎಳೆದ ಗಿಣ್ಣು ಊದಿಕೊಂಡಿತ್ತು, ಹೋಗಲಿಲ್ಲ. ಅವರ ಶರ್ಟಿನ ಜೇಬಿಗೇ ಹಾಕಿ, ಜೇಬಿನ ಗುಂಡಿ ಸಿಕ್ಕಿಸಿ, ಮೇಲೊಮ್ಮೆ ತಟ್ಟಿದ. “ಬಿಡಿ ಅಂಕಲ್. ಕತ್ಲಲ್ಲಿ ನಮ್ಮನ್ನ ನೋಡಿದ್ರೆ ನಾನೂ ನುಂಗ್ತಿದ್ದೆ.”

ಹಣೆಗೆ ಹೊಲಿಗೆ, ಎಡ ಭುಜದ ಮೂಳೆಯಲ್ಲೊಂದು ಬಿರುಕು. ರಾತ್ರಿ ಹನ್ನೊಂದರ ಸುಮಾರಿಗೆ ಇಬ್ಬರು ಹುಡುಗರು ಕೆಟ್ಟು ನಿಂತ ಸ್ಕೂಟರನ್ನು ಮನೆ ಮುಟ್ಟಿಸಿದರು. ಒಬ್ಬ ಸ್ಕೂಟರ್ ಮೇಲೆ ಕೂತು ಹ್ಯಾಂಡಲ್ ಹಿಡಿದಿದ್ದ. ಇನ್ನೊಬ್ಬ ಪಕ್ಕದ ಬೈಕಿನಿಂದ ಕಾಲು ಚಾಚಿ ಅದನ್ನು ನೂಕಿಕೊಂಡೇ ಬಂದಿದ್ದ. ಈ ನಗರದಲ್ಲಿ ಟೋಯಿಂಗಿಗೆ ದುಡ್ಡಿಲ್ಲದವರು ಕಂಡುಕೊಂಡ ವಿದ್ಯೆ ಇದು. ಇದರ ವಿರುದ್ಧ ರಾಯರು ಹಿಂದೊಮ್ಮೆ ಟ್ರಾಫಿಕ್ ಪೊಲೀಸರಿಗೆ ಎರಡು ಪುಟ ಬರೆದದ್ದು ನನಗೆ ಗೊತ್ತು. ಟೈಪ್ ಮಾಡಿಕೊಟ್ಟವನು ನಾನೇ. ಹುಡುಗರು ಡಿಕ್ಕಿ ತೆಗೆದು ಅಳಿದುಳಿದ ಚಕ್ಕುಲಿಯನ್ನೂ ಲೆಕ್ಕ ಒಪ್ಪಿಸಿ ಹೋದರು.

ಆ ಮೇಲಿನ ರಾಯರದೇ ಬೇರೆ ಅವತಾರ. ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರನ್ನು ಬೇಗ ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರದ ‘ರಾಹ್-ವೀರ್’ ಯೋಜನೆಯಲ್ಲಿ 25,000 ರೂಪಾಯಿ ಬಹುಮಾನವಿದೆ. ಮೊದಲು 5,000 ಇದ್ದದ್ದನ್ನು 2025ರಲ್ಲಿ ಏರಿಸಿದರು. ಹುಡುಗನಿಗೆ ಗಾಡಿ ಕೊಟ್ಟ ಅಪ್ಪನಿಗೆ ದಂಡ 25,000, ಅದೇ ಗಾಡಿಯವನು ಜೀವ ಉಳಿಸಿದರೆ ಬಹುಮಾನ 25,000. ಸರ್ಕಾರದ ಲೆಕ್ಕ ಒಮ್ಮೊಮ್ಮೆ ಎಷ್ಟು ಚೆನ್ನಾಗಿ ತಾಳೆಯಾಗುತ್ತದೆ! ರಾಯರು ಒಂದೇ ಕೈಯಲ್ಲಿ ಅರ್ಜಿ ಬರೆಯಲು ಕೂತರು. ಆದರೆ ಯೋಜನೆ ಕೇಳುವ ಗಾಯಕ್ಕೂ ಒಂದು ಅಂತಸ್ತಿದೆ: ದೊಡ್ಡ ಶಸ್ತ್ರಚಿಕಿತ್ಸೆ ಆಗಿರಬೇಕು, ಇಲ್ಲವೇ ಕನಿಷ್ಠ ಮೂರು ದಿನ ಆಸ್ಪತ್ರೆಯಲ್ಲಿ ಮಲಗಿರಬೇಕು, ಅದೂ ಇಲ್ಲವಾದರೆ ಬೆನ್ನುಹುರಿಗೋ ಮೆದುಳಿಗೋ ಪೆಟ್ಟಾಗಿರಬೇಕು. ರಾಯರನ್ನು ಮರುದಿನವೇ ಮನೆಗೆ ಕಳಿಸಿದ್ದರು. “ಮೂರು ದಿನ ಇರ್ತೀನಿ ಅಂದ್ರೂ ಬಿಡಲಿಲ್ಲವಲ್ಲ,” ಎಂದು ಪೇಚಾಡಿದರು.

“ಮೆದುಳಿಗೆ ಪೆಟ್ಟು ಅಂತ ಬರೀರಿ,” ಎಂದರು ಶ್ರೀಮತಿಯವರು ಒಳಗಿನಿಂದ. “ಬೀದೀಲಿ ಯಾರನ್ನ ಬೇಕಾದ್ರೂ ಸಾಕ್ಷಿ ಕೇಳ್ಲಿ.”

ಬಹುಮಾನ ಆಗದಿದ್ದಾಗ ಊಟಕ್ಕೆ ಕರೆದರು. ಭಾನುವಾರ ನಾಲ್ವರೂ ಬಂದರು. ಒಬ್ಬ ಮನೆಮನೆಗೆ ಊಟ ತಲುಪಿಸುವವನು, ಒಬ್ಬ ಟೈಲ್ಸ್ ಕೆಲಸದವನು, ಒಬ್ಬ ಪಿಯುಸಿ ಡುಮ್ಕಿ. ವೀಲಿ ಕೇಸಿನವನು ಗ್ಯಾರೇಜಿನಲ್ಲಿದ್ದಾನೆ. ಹೋಳಿಗೆಗೆ ತುಪ್ಪ ಬಡಿಸುವಾಗ ರಾಯರು ಆ ನಂಬರ್ ಪ್ಲೇಟಿನ ಅಪ್ಪು ಫೋಟೋದ ಮಾತೆತ್ತಿದರು, ಸೆಕ್ಷನ್ ಹೇಳಲೆಂದೇ. ಹುಡುಗ ಪರ್ಸಿನಿಂದ ಒಂದು ಚೀಟಿ ತೆಗೆದ. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡು ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಿದವರ ಸಾಲಿನಲ್ಲಿ ಇವನೂ ನಿಂತಿದ್ದ. ಅದನ್ನೆಲ್ಲ ಅಭಿಮಾನಿಗಳ ಹುಚ್ಚು ಎಂದು ಆಗ ನನ್ನೆದುರೇ ಹೇಳಿದ್ದ ರಾಯರು, ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದರು. ಆಡಿಟ್ ಆಕ್ಷೇಪಣೆ ಏನೂ ಸಿಕ್ಕಲಿಲ್ಲ. “ಇನ್ನೊಂದು ಹೋಳಿಗೆ ಹಾಕೇ ಇವನಿಗೆ,” ಎಂದರು. ನಂಬರ್ ಪ್ಲೇಟಿನ ಮಾತು ಅಲ್ಲಿಗೇ ನಿಂತಿತು.

ಇದರಿಂದ ಬೇಕರಿ ಹುಡುಗರಿಗೆ ಬಿಡುಗಡೆಯಾಯಿತೆಂದು ತಿಳಿದಿದ್ದರೆ ನಿಮಗೆ ರಾಯರು ಗೊತ್ತಿಲ್ಲ. ಅವರ ಕಷ್ಟ ಈಗ ಹೆಚ್ಚಾಗಿದೆ. ಮೊದಲು ಬರೀ ಪೋಲಿಗಳಾಗಿದ್ದರು. ಈಗ ನಾಯಂಡಹಳ್ಳಿ ಹುಡುಗರ ಮುಂದೆ ಯಾತಕ್ಕೂ ಬಾರದ ಪೋಲಿಗಳು. ರಾಯರ ಭುಜಕ್ಕೆ ಪಟ್ಟಿ ಬಿದ್ದಂದಿನಿಂದ ಬೆಳಿಗ್ಗೆ ನಂದಿನಿ ಹಾಲು ತಂದು ಗೇಟಿಗೆ ನೇತುಹಾಕುತ್ತಿರುವವನು ಆ ಆಧಾರ್ ಕಾರ್ಡಿನ ಹುಡುಗನೇ. ಗ್ಯಾಸ್ ಸಿಲಿಂಡರ್ ಒಳಗಿಟ್ಟುಕೊಡುವವರೂ ಅವರೇ. ರಾಯರು ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, “ಇದರಲ್ಲೇನೋ ಇದೆ,” ಎನ್ನುತ್ತಾರೆ.

ಮೊನ್ನೆ ಬೇಕರಿ ಮುಂದೆ ನಿಂತು ಭಾಷಣ ಬಿಗಿಯುತ್ತಿದ್ದರು. “ಅವರನ್ನ ನೋಡಿ ಕಲೀರೋ! ಒಬ್ಬೊಬ್ಬನೂ ರತ್ನ!”

“ಅವ್ರು ವೀಲಿ ಮಾಡ್ತಾರಂತಲ್ಲ ಅಂಕಲ್?”

“ಮಾಡ್ಲಿ! ವೀಲಿ ಮಾಡೋನಿಗೆ ಬ್ಯಾಲೆನ್ಸ್ ಆದ್ರೂ ಇರುತ್ತೆ. ನಿಮಗೆ ಏನಿದೆ?”

“ಹಾಗಾದ್ರೆ ನಾವೂ ವೀಲಿ ಕಲೀಬೇಕಾ ಅಂಕಲ್?”

ರಾಯರು ಒಂದು ಗಳಿಗೆ ತಡವರಿಸಿದರು. ನಂತರ ಕಣ್ಣು ಮುಚ್ಚಿ, “ಸೆಕ್ಷನ್ 189. ಮೊದಲ ಸಲಕ್ಕೆ 5,000, ಎರಡನೇ ಸಲಕ್ಕೆ 10,000. ಇಟ್ಟಿದ್ದೀಯಾ ದುಡ್ಡು?”

“ಇಲ್ಲ ಅಂಕಲ್.”

“ಹಾಗಾದ್ರೆ ಮೊದ್ಲು ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋ.”