‘ನಾವು’ ಓಡಿದೆವು ಎಂದು ಬರೆದ ಭಾವಯ್ಯನವರಿಗೆ

ಬೆಂಗಳೂರು ನಿವಾಸಿಗಳೂ ಹೇರೂರಿನ ಬೇಸಿಗೆ ಅತಿಥಿಗಳೂ ಆದ ಭಾವಯ್ಯನವರಿಗೆ ಹೇರೂರಿನ ಭಾವನ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಕುಶಲ ಎಂದದ್ದು ವಾಡಿಕೆಗೆ. ನನ್ನ ಬಲಗಾಲಿನ ಹೆಬ್ಬೆರಳ ಉಗುರು ಇನ್ನೂ ನೇರಳೆಹಣ್ಣಿನ ಬಣ್ಣದಲ್ಲೇ ಇದೆ.

ಮನೆಯ ಜಗಲಿಯಲ್ಲಾದರೆ ‘ನೀನು’ ಎನ್ನುತ್ತಿದ್ದೆ. ಇದು ನಾಲ್ಕು ಜನ ಓದುವ ಪತ್ರ, ಮೇಲಾಗಿ ತಾವು ಈಗ ಬರೀ ಭಾವನಲ್ಲ, ದೂರ ಓಟದ ಸಾಧಕರು. ಹಾಗಾಗಿ ‘ತಾವು’.

ತಾವು ಬೆಂಗಳೂರು ಮುಟ್ಟಿದ ಸಂಜೆಯೇ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದಿರಿ: ಏಪ್ರಿಲ್ ಬಿಸಿಲಿನಲ್ಲಿ ನಾವು ಹೇರೂರಿನಿಂದ ಉಂಚಳ್ಳಿ ಜಲಪಾತದವರೆಗೆ ಓಡಿ ಬಂದೆವು. ಕೆಳಗೆ ಚಪ್ಪಾಳೆಯ ಚಿತ್ರಗಳು ಮೂವತ್ತೆರಡು. ಅದರಲ್ಲಿ ಒಂದು ನನ್ನ ಹೆಂಡತಿಯದು. ಅವಳು ಓಟದ ದಿನ ಮಧ್ಯಾಹ್ನ ನಾನು ಯಾವ ಭಂಗಿಯಲ್ಲಿ ಅಂಗಳ ಹೊಕ್ಕೆ ಎಂಬುದನ್ನು ಕಣ್ಣಾರೆ ಕಂಡವಳು.

ನನ್ನ ತಕರಾರು ಓಟದ ಮೇಲಲ್ಲ, ಆ ‘ನಾವು’ ಎಂಬುದರ ಮೇಲೆ. ತಮಿಳರಿಗೆ ‘ನಾಮ್’ ಬೇರೆ, ‘ನಾಂಗಳ್’ ಬೇರೆ. ತೆಲುಗರಿಗೆ ‘ಮನಂ’ ಬೇರೆ, ‘ಮೇಮು’ ಬೇರೆ. ಎದುರಿಗಿರುವವನೂ ಸೇರಿದ್ದಾನೋ ಇಲ್ಲವೋ ಅಂತ ಅವರಲ್ಲಿ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. ನಾವು ಬರೆಯುವ ಕನ್ನಡದಲ್ಲಿ ಎಲ್ಲಕ್ಕೂ ಒಂದೇ ‘ನಾವು’. ಎರಡು ಕಿಲೋಮೀಟರ್ ಹಿಂದೆ ಉಳಿದವನೂ ಅದರೊಳಗೆ ಆರಾಮಾಗಿ ಹಿಡಿಸುತ್ತಾನೆ. ಇಂಥ ಉದಾರ ಸರ್ವನಾಮ ಜೋಡಿ ಓಟಗಾರರಿಗೆಂದೇ ಹುಟ್ಟಿದ್ದಿರಬೇಕು.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ 2016ರಲ್ಲಿ ಶುರುವಾದ ಮಲ್ನಾಡ್ ಅಲ್ಟ್ರಾಕ್ಕೆ ತಯಾರಿ ಎಂದು ತಾವು ಹೇಳಿದಾಗ ನಾನು ತಲೆಯಾಡಿಸಿದ್ದು ನಿಜ. ಅಲ್ಲಿ 50 ಕಿಲೋಮೀಟರ್ ಎಂದರೂ ದೊಡ್ಡ ಓಟವಲ್ಲವಂತೆ. ಒಬ್ಬನೇ ಕಾಡಿನಲ್ಲಿ ಓಡಬಾರದು, ಜೊತೆ ಬೇಕು ಎಂದಿರಿ. ಆಲ್ಪ್ಸ್ ಪರ್ವತ ದಾಟುವ ಓಟವೊಂದು 2005ರಿಂದ ನಡೆಯುತ್ತಿದೆ, ಅದರಲ್ಲಿ ಜೋಡಿಯಾಗಿ ಓಡುವವರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬೀಳಬಾರದು ಎಂಬ ನಿಯಮವಿದೆ ಎಂದು ನನಗೆ ತಿಳಿಸಿದವರೂ ತಾವೇ. ಆ ನಿಯಮವನ್ನು ತಾವು ಮೊದಲ ದಣಪೆ ದಾಟುವವರೆಗೆ ಚಾಚೂ ತಪ್ಪದೆ ಪಾಲಿಸಿದಿರಿ.

ಹೊರಟದ್ದು ಒಂಬತ್ತೂವರೆಗೆ. ಆರಕ್ಕೇ ಹೊರಡೋಣ ಎಂದಿದ್ದೆ. ಆದರೆ ಜೋನಿ ಬೆಲ್ಲದಲ್ಲಿ ಅದ್ದಿದ ತೆಳ್ಳೇವು ಒಂಬತ್ತು ಆಗುವವರೆಗೆ ತಾವು ಏಳಲಿಲ್ಲ. ಅದಕ್ಕೆ ಕಾರ್ಬೋ ಲೋಡಿಂಗ್ ಎನ್ನುತ್ತಾರಂತೆ. ನಮ್ಮಲ್ಲಿ ಅದಕ್ಕೆ ಅತ್ತೆ ಮನೆ ಎನ್ನುತ್ತಾರೆ. ತಮ್ಮ ಬೆನ್ನಿಗೆ ನೀರಿನ ಚೀಲ, ಎದೆಗೆ ಎರಡು ಬಾಟಲಿ, ಕೈಗೆ ಗಡಿಯಾರ. ನನ್ನ ಕಾಲಿಗೆ ತಮ್ಮದೇ ಹಳೆಯ ಬೂಟು, ಒಂದು ನಂಬರು ದೊಡ್ಡದು. ಹೊರಡುವ ಮೊದಲು ನನ್ನ ಕವಳದ ಸಂಚಿಯನ್ನು ತಾವು ಕಸಿದು ಕಟ್ಟೆಯ ಮೇಲಿಟ್ಟದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ದಾರಿ ಯಾವುದೆಂದು ನಾನು ಹೇಳಬೇಕಾಗಿರಲಿಲ್ಲ. ಅದು ತಮ್ಮ ಗಡಿಯಾರಕ್ಕೇ ಗೊತ್ತಿತ್ತು. ಸೊಪ್ಪಿನ ಬೆಟ್ಟದ ಅಂಚಿನಲ್ಲಿ ದರಕಿನ ಹೊರೆ ಹೊತ್ತು ತರುವ ಕಾಲುದಾರಿಯನ್ನು ತಾವು ‘ಸಿಂಗಲ್ ಟ್ರ್ಯಾಕ್’ ಎಂದು ಕರೆದು, ಹೊಸದೊಂದು ಕಂಡುಹಿಡಿದವರಂತೆ ಫೋಟೋ ತೆಗೆದಿರಿ. ಇದೂ ಹೊಸತೇನಲ್ಲ ಬಿಡಿ. ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುವ ಉಂಚಳ್ಳಿಯನ್ನು 1845ರಲ್ಲಿ ಲುಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ‘ಕಂಡುಹಿಡಿದ’ ಎಂದು ಈಗಲೂ ಬರೆಯುತ್ತಾರೆ. ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಕೆಪ್ಪಜೋಗ ಅಂತ ಹೆಸರಿಟ್ಟ ನಮ್ಮ ಹಿರಿಯರು ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡು ಓಡಾಡುತ್ತಿದ್ದರೇನೋ.

ಬಿಸಿಲಿನ ಬಗ್ಗೆ ತಮ್ಮ ಪಾಠ ಸೊಗಸಾಗಿತ್ತು. ಮರದ ನೆರಳಿದೆ, ಏನೂ ಆಗುವುದಿಲ್ಲ ಎಂದಿರಿ. ನೆರಳು ಇತ್ತು, ಗಾಳಿ ಇರಲಿಲ್ಲ. ಮಳೆಗೆ ಮೊದಲಿನ ನಮ್ಮ ಕಾಡು ಮುಚ್ಚಳ ಹಾಕಿದ ಇಡ್ಲಿ ಅಟ್ಟ. ಬೆವರು ಆರಿದರಷ್ಟೇ ಮೈ ತಂಪಾಗುವುದು. ಗಾಳಿಯೇ ಒದ್ದೆಯಾಗಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ, ನೀರು ಹೋದದ್ದಷ್ಟೇ ಲಾಭ. ಇಂಥ ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕೆನ್ನುತ್ತಾರೆ ತಿಳಿದವರು. ಏಸಿ ಆಫೀಸಿನಿಂದ ರಾತ್ರಿ ಬಸ್ಸು ಹತ್ತಿ ಬಂದ ತಾವು ಒಗ್ಗಿಸಿಕೊಂಡದ್ದು ಎರಡು ದಿನ, ಅದರಲ್ಲೂ ಒಂದೂವರೆ ದಿನ ಫ್ಯಾನಿನ ಕೆಳಗೆ.

ಇನ್ನು ನೀರು. ಪ್ರತಿ ಕಾಲು ಗಂಟೆಗೆ ಗಡಿಯಾರ ಕುಂಯ್ಗುಟ್ಟಿದಾಗಲೆಲ್ಲ ತಾವು ಬರೀ ನೀರು ಗುಟುಕರಿಸುತ್ತಿದ್ದಿರಿ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕುಸಿದಿತ್ತಂತೆ. ಓಡುತ್ತ ಓಡುತ್ತ ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದದ್ದು ಮುಖ್ಯ ಕಾರಣ. ಉಪ್ಪು-ಹುಳಿಯ ಅಪ್ಪೆಹುಳಿಯನ್ನು ಒಂದು ಬಾಟಲಿಗೆ ತುಂಬಿಕೊಳ್ಳಿ ಎಂದು ಅತ್ತೆ ಹೇಳಿದಾಗ ಇಂಗಿನ ವಾಸನೆ ಹಿಡಿಯುತ್ತದೆ ಎಂದವರು ತಾವು.

ಉಣುಗಿನ ಮಾತು ಎತ್ತಿದಾಗಲೂ ನಕ್ಕಿರಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ, ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ ಸಿದ್ದಾಪುರ ತಾಲೂಕಿಗೆ ಕಥೆಯಲ್ಲ, ಪ್ರತಿ ಬೇಸಿಗೆಯ ಹೆದರಿಕೆ. ದರಕು ತರಲು ಹೋಗುವವರು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ತಾವೂ ಹಚ್ಚಿಕೊಂಡಿದ್ದಿರಿ, ತೊಡೆ ಉಜ್ಜಿಕೊಳ್ಳದಿರಲೆಂದು ಜರ್ಮನಿಯ ಮುಲಾಮು.

ನಾನು ಹಿಂದೆ ಬಿದ್ದದ್ದು ಎಲ್ಲಿ ಎಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೆಗ್ಗರಣೆಗೆ ಇನ್ನೂ ದೂರವಿದ್ದಾಗ, ತೋಟದ ಸಂಕ ದಾಟಿದ ಕೂಡಲೇ ಸಿಗುವ ಮನೆಯ ಹತ್ತಿರ. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಆಯಿ ನನ್ನ ಓಟ ಕಂಡು ಎದ್ದೇ ನಿಂತರು. “ಎಂತಾತಾ ತಮಾ? ಯಾರಿಗೆ ಆರಾಮಿಲ್ಲೆ?” ನಮ್ಮ ಕಡೆ ನಡುಮಧ್ಯಾಹ್ನ ಗಂಡಸು ಓಡುತ್ತಿದ್ದಾನೆ ಎಂದರೆ ಯಾರಿಗೋ ಹಾವು ಕಚ್ಚಿರಬೇಕು, ಇಲ್ಲವೇ ಬೆಟ್ಟಕ್ಕೆ ಬೆಂಕಿ ಬಿದ್ದಿರಬೇಕು. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇವೆ ಎಂದೆ. ಅವರ ಮುಖದಲ್ಲಿ ಗಾಬರಿ ಇನ್ನೂ ಹೆಚ್ಚಾಯಿತು. “ಆಸ್ರಿಗೆ ಎಂತ ಬೇಕು?” ಎಂಬ ಪ್ರಶ್ನೆ ಬಂದ ಮೇಲೆ ಓಡುವುದು ನಮ್ಮ ಸಂಸ್ಕಾರದಲ್ಲಿಲ್ಲ. ಕುಳಿತೆ. ಬೂಟು ಬಿಚ್ಚಿದೆ. ಆಯಿಯ ಹರಿವಾಣದಲ್ಲಿ ಕವಳವೂ ಇತ್ತು.

ಯಲ್ಲಾಪುರ ಕಡೆಯ ಇನ್ನೊಂದು ‘ನಾವು’ ನೆನಪಾದದ್ದು ಆಗಲೇ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸ್ಪೆಷಲ್ ಏರಿಯಾ ಗೇಮ್ಸ್ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನು ಆರಿಸಿ, ನಾವು ಒಲಿಂಪಿಕ್ಸ್‌ಗೆ ಓಡೋಣ ಎಂದು ಕರೆದೊಯ್ದರು. ಮಕ್ಕಳು ಓಡಿದರು, ಪದಕಗಳನ್ನೂ ತಂದರು. 1993ರಲ್ಲಿ ಸಿದ್ದಿ ಮಕ್ಕಳ ಪಾಲಿಗೆ ಆ ಯೋಜನೆ ನಿಂತುಹೋಯಿತು. ಅಲ್ಲಿ ಹಿಂದೆ ಬಿದ್ದದ್ದು ಓಡುವವರಲ್ಲ, ಓಡಿಸುವವರು. ಅವರ ಪಕ್ಕದಲ್ಲಿ ನನ್ನ ಕೊರತೆ ಯಾವ ಲೆಕ್ಕ! ನನ್ನದು ಬರೀ ಒಂದು ಹೆಬ್ಬೆರಳು.

ಮುಂದಿನದನ್ನು ತಾವು ಬರೆದಿಲ್ಲ, ನಾನೂ ಹೆಚ್ಚು ಬರೆಯುವುದಿಲ್ಲ. ಎಳೆದ ದಾರದಂತೆ ಸಣ್ಣಗಾದ ಜಲಪಾತದ ಮುಂದೆ ತಾವು ಒಬ್ಬರೇ ತೆಗೆದುಕೊಂಡ ಫೋಟೋ ಚೆನ್ನಾಗಿ ಬಂದಿದೆ. ಅಲ್ಲಿಂದ ಮೇಲೆ ಹತ್ತುವಾಗ ಎರಡೂ ಮೀನಖಂಡ ಹಿಡಿದುಕೊಂಡದ್ದು, ಯಾರದೋ ಬೈಕಿನ ಹಿಂದೆ ಕಾಲು ನೀಟಾಗಿ ಚಾಚಿಕೊಂಡು ಬಂದದ್ದು ಆ ಫೋಟೋದಲ್ಲಿಲ್ಲ. ಆಯಿ ಕೊಟ್ಟ ಮೊಗೆಕಾಯಿಯನ್ನು ಬಗಲಲ್ಲಿಟ್ಟುಕೊಂಡು ನಡೆದು ಬರುತ್ತಿದ್ದ ನನ್ನ ಪಕ್ಕದಲ್ಲೇ ತಾವು ಹಾದುಹೋದಿರಿ. ಗಡಿಯಾರ ಆರಿಸಲು ಮರೆತಿದ್ದಿರಿ. ಊರಿಗೆ ಬರುವ ಕೊನೆಯ ಮೂರು ಕಿಲೋಮೀಟರನ್ನು ತಾವು ಗಂಟೆಗೆ 40ರ ವೇಗದಲ್ಲಿ ಓಡಿದ್ದೀರಿ. ಈ ಭೂಮಿಯ ಮೇಲೆ ಇನ್ನಾರಿಂದಲೂ ಆಗದ್ದು, ಚಪ್ಪಾಳೆ ಅದಕ್ಕೂ ಸೇರಿರಲಿ.

ಅಡಿಕೆ ಕೊಯ್ಲಿಗೆ ಮೊದಲು ಬಾ ಭಾವ. ಬೆಳಿಗ್ಗೆ ಆರಕ್ಕೆ ಹೊರಡೋಣ, ತೆಳ್ಳೇವು ಆಮೇಲೆ. ಕವಳದ ಸಂಚಿ ಮಾತ್ರ ನನ್ನ ಸೊಂಟದಲ್ಲೇ ಇರುತ್ತದೆ.

ಇಂತಿ,
ಹಿಂದೆ ಉಳಿದ ಭಾವ

ವಿ.ಸೂ.: ಒಂದು ಮಾತು ಬಿಟ್ಟುಹೋಗಿತ್ತು. ನೀನು ಮುಂದೆ ಓಡಿದ್ದನ್ನು ಆಯಿ ಅಡುಗೆಮನೆ ಕಿಟಕಿಯಿಂದ ನೋಡಿದ್ದರಂತೆ. ತಿರುಗಿ ಬರುತ್ತೀಯ ಎಂದುಕೊಂಡು ಎರಡು ಲೋಟ ಅಪ್ಪೆಹುಳಿ ತಂದಿಟ್ಟರು. ಒಗ್ಗರಣೆ ಬಿಸಿಬಿಸಿಯಾಗಿತ್ತು, ಇಂಗು ತುಸು ಮುಂದಾಗಿಯೇ ಇತ್ತು. ಸ್ವಲ್ಪ ಹೊತ್ತು ಕಾದೆ. ಆಮೇಲೆ ಎರಡು ಲೋಟವನ್ನೂ ನಾವು ಕುಡಿದೆವು.