ಬಾಳೆಹಣ್ಣಿನ ತೂಕದ ಕೋತಿ

ಕೋತಿ ದೊಡ್ಡದು, ಪತಂಗ ಚಿಕ್ಕದು ಎಂದರೆ ಮಲೆನಾಡಿನ ತೋಟದವರು ಯಾರೂ ತಕರಾರು ಮಾಡುವುದಿಲ್ಲ. ಬಾಳೆಗೊನೆ ಮುಗಿಸುವುದು ಮಂಗಗಳೇ. ಪತಂಗ ಓಡಿಸಲು ಯಾರೂ ಪಟಾಕಿ ಹೊಡೆದದ್ದಿಲ್ಲ. ಆದರೆ ಅಮೆಜಾನ್ ಕಾಡಿನ ಪಿಗ್ಮಿ ಮಾರ್ಮೊಸೆಟ್ ಈ ಲೆಕ್ಕವನ್ನೇ ಕೆಡಿಸಿಬಿಟ್ಟಿದೆ. ಕೋತಿಗಳಲ್ಲೆಲ್ಲ ಇದೇ ಪುಟ್ಟದು. ಬಾಲ ಬಿಟ್ಟರೆ ಉದ್ದ ಸುಮಾರು 13 ಸೆಂ.ಮೀ., ತೂಕ 100 ಗ್ರಾಂ ಆಸುಪಾಸು. ಅಂದರೆ ಒಂದು ಬಾಳೆಹಣ್ಣು. ಇದು ನಮ್ಮ ತೋಟಕ್ಕೆ ಕದಿಯಲು ಬಂದರೆ ಯಾರು ಯಾರನ್ನು ಹೊತ್ತೊಯ್ಯುತ್ತಾರೋ ಹೇಳುವುದು ಕಷ್ಟ.

ಪಶ್ಚಿಮ ಘಟ್ಟದ ನಮ್ಮ ಅಟ್ಲಾಸ್ ಪತಂಗವೋ, ರೆಕ್ಕೆ ಬಿಚ್ಚಿದರೆ ಸುಮಾರು 24 ಸೆಂ.ಮೀ. ರಾತ್ರಿ ಜಗುಲಿಯ ದೀಪಕ್ಕೆ ಬಂದು ಕೂತಿತೆಂದರೆ ಯಾರೋ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದ ಹಾಗೆ. ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ಚಿತ್ತಾರ ಬೇರೆ. ನಮ್ಮತ್ತೆ ಅದನ್ನು ಕಂಡು ಪೊರಕೆ ಕೆಳಗಿಟ್ಟು ಕೈ ಮುಗಿದಿದ್ದರು.

ಊಟದ ವಿಷಯದಲ್ಲಂತೂ ಎರಡೂ ವಿಚಿತ್ರ. ಕೋತಿ ತನ್ನ ಕೆಳಹಲ್ಲಿನಿಂದ ಮರದ ತೊಗಟೆಗೆ ತೂತು ಕೊರೆದು, ಒಸರಿದ ಅಂಟನ್ನು ನೆಕ್ಕುತ್ತದೆ. ಮತ್ತೆ ಮತ್ತೆ ಬಂದು ಅದೇ ಮರವನ್ನು ವಿಚಾರಿಸಿಕೊಳ್ಳುತ್ತದೆ. ನಡುನಡುವೆ ಕೀಟಗಳನ್ನೂ ಹಿಡಿಯುತ್ತದೆ. ಅಟ್ಲಾಸ್ ಪತಂಗ ಇರುವುದು ಏಷ್ಯಾದಲ್ಲಿ ಮಾತ್ರ ಎಂಬುದು ಇಬ್ಬರ ಮರ್ಯಾದೆಗೂ ಒಳ್ಳೆಯದು.

ಪತಂಗಕ್ಕೆ ಮಾತ್ರ ತಿನ್ನುವ ಬಾಯಿಯೇ ಇಲ್ಲ. ಕಂಬಳಿಹುಳುವಾಗಿದ್ದಾಗ ದಾಲ್ಚಿನ್ನಿ, ಸೀಬೆ ಎಲೆಗಳನ್ನೆಲ್ಲ ಬಕಬಕನೆ ಮುಕ್ಕಿ ಕೂಡಿಟ್ಟ ಕೊಬ್ಬಿನಲ್ಲೇ, ರೆಕ್ಕೆ ಬಂದ ಮೇಲಿನ ವಾರವೋ ಹತ್ತು ದಿನವೋ ಕಳೆಯಬೇಕು. ಚಿಕ್ಕಂದಿನಲ್ಲಿ ತಿಂದದ್ದೇ ಕಡೆಗಾಲಕ್ಕೆ ಆಗುವುದು ಎಂದು ತುಪ್ಪ ಸುರಿಯುತ್ತಿದ್ದ ಅಜ್ಜಿಯ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಜೀವಿ ಇನ್ನೊಂದಿಲ್ಲ. ನನಗೆ ಕೊಬ್ಬೇನೋ ಕೂಡಿತು, ಊಟ ಬಿಡುವ ಹಂತ ಮಾತ್ರ ಬರಲೇ ಇಲ್ಲ.

ಇದನ್ನೆಲ್ಲ ಮನೆಯಾಕೆಗೆ ಹೇಳುವಾಗ ಕೋತಿಯ ಸಂಸಾರದ ಸುದ್ದಿ ಎತ್ತಬಾರದಿತ್ತು. ಪಿಗ್ಮಿ ಮಾರ್ಮೊಸೆಟ್‌ಗೆ ಸಾಮಾನ್ಯವಾಗಿ ಅವಳಿ ಮಕ್ಕಳು. ಅವನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ಹೆಚ್ಚಾಗಿ ಅಪ್ಪ. ಅಣ್ಣ ಅಕ್ಕಂದಿರೂ ಕೈ ಕೊಡುತ್ತಾರೆ. ಅಮ್ಮ ಹಾಲೂಡಿಸಿ ತನ್ನ ಪಾಡಿಗೆ ಹೊಟ್ಟೆ ನೋಡಿಕೊಳ್ಳುತ್ತಾಳೆ.

ಆಕೆ ನನ್ನನ್ನೇ ನೋಡಿದಳು. ನಾನು ಗಡಿಬಿಡಿಯಿಂದ ಗಂಡು ಪತಂಗದ ಕಡೆ ಹೊರಳಿದೆ: "ಅದಕ್ಕೆ ಹೆಣ್ಣಿನ ವಾಸನೆ ಹಿಡಿದು ಹುಡುಕಿಕೊಂಡು ಹೋಗೋದೊಂದೇ ಕೆಲಸ ಕಣೇ. ಮಕ್ಕಳ ಮುಖವನ್ನೂ ನೋಡಲ್ಲ. ಅದಕ್ಕಿಂತ ನಾನೇ ವಾಸಿ."

"ಬಾಯೇ ಇಲ್ಲ ಅಂದ್ರಲ್ಲ?"

"ಹೂಂ."

"ಅಡುಗೆ ಕೇಳಲ್ಲ, ಎದುರು ಮಾತಾಡಲ್ಲ. ಮಕ್ಕಳನ್ನ ನಾನೇ ಹೊತ್ಕೋತೀನಿ ಬಿಡಿ, ನಂಗೆ ಅದೇ ಸಾಕು."